ಎರಡೇ ತಿಂಗಳಿಗೆ ಬಂದ ಬಟ್ಟಲು

ಸುರಪುರ

ಅವ್ವಾ, ಶರಣು.

ಫೋನಿನಲ್ಲಿ ಹೇಳಿದರೆ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ, ಅದಕ್ಕೇ ಪತ್ರ.

ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿಡುವುದು ನಿನ್ನಿಂದ ಕಲಿತದ್ದು. ಕೂದಲಿಗೆ ಪಾತ್ರೆ ಕೊಡುವವಳು ನಿನಗೆ ವರ್ಷಕ್ಕೊಂದು ಸ್ಟೀಲ್ ಬಟ್ಟಲು ಕೊಡುತ್ತಿದ್ದಳು. ಇಲ್ಲಿಯವಳು ನನಗೆ ಎರಡೇ ತಿಂಗಳ ಕೂದಲಿಗೆ ಕೊಟ್ಟಳು. ಅತ್ತೆ "ಬಟ್ಟಲ ಭಾಳ ಛಲೋ ಅದ" ಅಂದರು.

ಉಗುರೂ ಸೀಳುತ್ತಿವೆ. ತೋರಿಸಲು ಹೋದಾಗ ಡಾಕ್ಟರಮ್ಮ "ಏನ್ ಉಣ್ತೀಯವ್ವಾ?" ಎಂದು ಕೇಳಿದರು. "ಎಲ್ಲಾರ್ದೂ ಊಟ ಆದಮ್ಯಾಲ ಉಳಿದದ್ದು ಉಣ್ತೀನ್ರಿ" ಅಂದೆ. ಅವರು ಚೀಟಿಯಲ್ಲಿ ಸೊಪ್ಪು, ಕಾಳು, ಶೇಂಗಾ ಎಂದು ಬರೆದರು.

ರೊಟ್ಟಿ ಜೊತೆ ತಿನ್ನಲು ನೀನು ಕುಟ್ಟುವ ಶೇಂಗಾ, ಅಗಸಿ ಹಿಂಡಿ ಬೇಕು. ಆದರೆ ಯಾರ ಕೈಲೂ ಕಳಿಸಬೇಡ, ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ದೋರನಹಳ್ಳಿಯಿಂದ ನೀನೇ ತಗೊಂಡು ಬಾ. ಆ ಬಟ್ಟಲಿಗೆ ಹಾಕಿಕೊಟ್ಟು, ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತಿರು.

ನಿನ್ನ ಮಗಳು,
ಅನುರಾಧಾ