ಕಿವಿಯೊಳಗಿನ ಮರುದನಿ

ಮಗಳ ಮನೆ
ಮಂಗಳವಾರ, ಸಂಜೆ

ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನ ಗದ್ದಲಗಾರರೇ, ಪರದೆ ಎಳೆಯುವವರೇ, ಬಣ್ಣ ಬಳಿಯುವವರೇ, ಇವರೆಲ್ಲರ ನಡುವೆ ಕನ್ನಡಕ ಏರಿಸಿಕೊಂಡು ಈ ಪತ್ರವನ್ನು ಗಟ್ಟಿಯಾಗಿ ಓದುತ್ತಿರುವ ನನ್ನ ಪ್ರೀತಿಯ ಹೆಂಡತಿಯೇ,

ಗುಡುಗಪ್ಪನ ನಮಸ್ಕಾರ. ನಾನಿಲ್ಲದ ನಾಟಕದ ತಾಲೀಮಿನಲ್ಲಿ ಈಗ ಎಲ್ಲರಿಗೂ ಎಲ್ಲರ ಮಾತೂ ಕೇಳಿಸುತ್ತಿದೆಯಂತೆ. ಮಗಳು ಹೇಳಿ ನಕ್ಕಳು. ನಗಲಿ. ಬಾಣಂತಿಯಾದ ಮೇಲೆ ಅವಳು ನಕ್ಕಿದ್ದೇ ಕಡಿಮೆ, ಅದಕ್ಕೆ ಕಾರಣನೂ ನಾನೇ.

ಬಂದ ದಿನವೇ ಮೊಮ್ಮಗಳ ತೊಟ್ಟಿಲ ಪಕ್ಕ ನಿಂತು ರಾಜನ ಪ್ರವೇಶದ ಮಾತನ್ನು ಪೂರ್ಣ ಕಂಠದಲ್ಲಿ ಒಪ್ಪಿಸಿದೆ. ಕಿಟಕಿಯ ಗಾಜು ನಡುಗಿತು. ಎದುರುಮನೆಯವರು ಬಾಗಿಲು ತೆರೆದು ನೋಡಿದರು. ಕೂಸು ಮಾತ್ರ ರೆಪ್ಪೆ ಅಲುಗಿಸದೆ ನಿದ್ದೆ ಹೊಡೆಯಿತು. ಭಲೇ ಗಂಡೆದೆಯವಳು ಎಂದು ನಾನು ಮೀಸೆ ತಿರುವುತ್ತಿದ್ದರೆ ಮಗಳ ಮುಖ ಬಿಳಿಚಿಕೊಂಡಿತ್ತು.

“ಅಪ್ಪಾ, ಇವಳಿಗೆ ಕಿವಿ ಕೇಳ್ಸುತ್ತೆ ತಾನೆ?” ಎಂದಳು.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಇವತ್ತು ಆಸ್ಪತ್ರೆಗೆ ಹೋದೆವು. ಯಾವುದೋ ದೊಡ್ಡ ಗಂಟೆ ಬಾರಿಸಿ ನೋಡುತ್ತಾರೆಂದು ನಾನು ಎದೆ ಸೆಟೆಸಿ ಹೋಗಿದ್ದೆ. ಕಿವಿ ಪರೀಕ್ಷೆಯ ಹುಡುಗಿ ತೆಗೆದದ್ದು ಪುಟ್ಟ ಯಂತ್ರದ ಒಂದು ತಂತಿ, ಅದರ ಕೊನೆಗೆ ಬಟಾಣಿಯಷ್ಟು ಮೆತ್ತನೆಯ ತುದಿ. ಅದನ್ನು ಕಿವಿಗಿಟ್ಟು ಸಣ್ಣಗೆ ಟಿಕ್ ಟಿಕ್ ಸದ್ದು ಬಿಡುತ್ತಾರೆ. ಒಳಗಿವಿ ಸರಿಯಿದ್ದರೆ ಅದು ಬರೀ ಕೇಳಿಸಿಕೊಂಡು ಸುಮ್ಮನಿರುವುದಿಲ್ಲವಂತೆ. ತಾನೂ ಒಂದು ದನಿಯನ್ನು ಹೊರಕ್ಕೆ ಕಳಿಸುತ್ತದಂತೆ! ನಮಗೆ ನಿಮಗೆ ಕೇಳದಷ್ಟು ಸಣ್ಣ ದನಿ. ತುದಿಯಲ್ಲಿರುವ ಮೈಕು ಅದನ್ನು ಹಿಡಿಯುತ್ತದೆ. ಮಗು ಬೆಚ್ಚಬೇಕಿಲ್ಲ, ತಿರುಗಬೇಕಿಲ್ಲ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಜೀವಮಾನವೆಲ್ಲ ಕೇಳುವವರ ಕಿವಿಗೆ ಕೂಗಿದವನು ನಾನು. ಕಿವಿಯೂ ತಿರುಗಿ ಮಾತಾಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಆದರೆ ಕೋಣೆಯಲ್ಲಿ ಸದ್ದಿರಬಾರದು. ಮಗಳಿಗೆ ಧೈರ್ಯ ಹೇಳೋಣವೆಂದು ನಾನು ಪಿಸುಗುಟ್ಟಿದ್ದೇ ತಡ, ಯಂತ್ರ ಗದ್ದಲ ಜಾಸ್ತಿ ಎಂದು ನಿಂತುಬಿಟ್ಟಿತು. ಮತ್ತೆ ಶುರು ಮಾಡಿದರು. ನಾನು ನಿಟ್ಟುಸಿರು ಬಿಟ್ಟೆ. ಮತ್ತೆ ನಿಂತಿತು.

“ಅಜ್ಜಾ, ನೀವು ಉಸಿರಾಡಿದ್ರೂ ಡೈಲಾಗ್ ಥರಾನೇ ಇದೆ. ಸ್ವಲ್ಪ ಹೊರಗಿರ್ತೀರಾ?” ಎಂದಳು ಹುಡುಗಿ.

ನಾನು ಎದ್ದೆ. ಮಗಳು ನನ್ನ ಅಂಗಿಯ ತೋಳು ಬಿಡಲಿಲ್ಲ. “ಅಪ್ಪ ಇರ್ಲಿ. ಸುಮ್ನಿರ್ತಾರೆ” ಎಂದಳು.

ಮಹಾಜನರೇ, ಸುಮ್ಮನಿರುತ್ತಾನೆ ಎಂದು ನನ್ನ ಬಗ್ಗೆ ಯಾರಾದರೂ ಹೇಳಿದ್ದುಂಟೇ? ಕರವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿ ಕೂತೆ. ಕೊನೆಗೆ ಹುಡುಗಿ ಯಂತ್ರದ ಪರದೆಯತ್ತ ಬಾಗಿ, “ಬಂತು, ನೋಡಿ” ಎಂದಳು. ಕಿವಿ ಉತ್ತರ ಕೊಟ್ಟಿತ್ತು! ನನಗೋ ಚಪ್ಪಾಳೆ ತಟ್ಟುವ ಹಾಗೂ ಇಲ್ಲ. ಮಗಳು ನನ್ನ ಭುಜಕ್ಕೆ ಹಣೆ ಆನಿಸಿ ಸದ್ದಿಲ್ಲದೆ ಅತ್ತಳು. ಆ ಚಪ್ಪಾಳೆಯನ್ನು ನನ್ನ ಪರವಾಗಿ ನೀವೆಲ್ಲ ತಟ್ಟಿಬಿಡಿ.

ಎಲ್ಲರಿಗೂ ಶುಭ ಹಾರೈಸುವ,
ನಿಮ್ಮ ಗುಡುಗಪ್ಪ

ತಾ.ಕ.: ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಇದು ನಿನಗೊಬ್ಬಳಿಗೆ. ಉತ್ತರ ಕೊಟ್ಟದ್ದು ಬಲಗಿವಿ. ಎಡಗಿವಿಯಿಂದ ಏನೂ ಬರಲಿಲ್ಲ ಕಣೇ. ಹುಟ್ಟುವಾಗಿನ ನೀರು, ಗಸಿ ಕಿವಿಯಲ್ಲಿ ಉಳಿದಿದ್ದರೂ ಹೀಗಾಗುತ್ತದಂತೆ, ಈಗಲೇ ಹೆದರಬೇಡಿ, ನಾಳೆ ಇನ್ನೊಮ್ಮೆ ನೋಡೋಣ ಅಂದಳು ಹುಡುಗಿ. ನಾಳೆಯೂ ಬಾರದಿದ್ದರೆ ದೊಡ್ಡ ಪರೀಕ್ಷೆ. ಅಮ್ಮನಿಗೆ ಹೇಳಬೇಡ, ನಾಟಕ ಬಿಟ್ಟು ಓಡಿಬರುತ್ತಾಳೆ ಎಂದು ಮಗಳು ಆಣೆ ಹಾಕಿಸಿಕೊಂಡಿದ್ದಾಳೆ. ಫೋನಿನಲ್ಲಿ ನಾನು ಗುಟ್ಟು ಹೇಳಿದರೆ ಬೀದಿಗೆಲ್ಲ ಕೇಳುತ್ತದೆ, ಅದಕ್ಕೇ ಬರೆದೆ. ನಿನ್ನ ಹತ್ತಿರ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ನಾಳೆ ಬೆಳಿಗ್ಗೆ ಎದ್ದವನು ಒಂದು ಮಾತೂ ಆಡುವುದಿಲ್ಲ. ಆಸ್ಪತ್ರೆಯಲ್ಲಿ ಕೂಸಿನ ಎಡಗಿವಿ ಮೇಲಾಗುವಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಅದು ಉತ್ತರ ಕೊಡುವವರೆಗೂ ಕಾಯುತ್ತೇನೆ.