ರೈಟ್ ಹಾಕಿದ ಮರಗಳು

ಮಾರ್ಚ್ 4, ಬೆಳಗ್ಗೆ 7.10

ಸಾಕ್ಸಿಗೆ ಜೊತೆ ಸಿಗಲಿಲ್ಲ. ಒಂದು ಕಪ್ಪು, ಒಂದು ಕಂದು. ಇರಲಿ. ನಗರಸಭೆಯ ಉದ್ಯಾನ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಮರ ಎಣಿಸುತ್ತಿರುವವನ ಕಾಲನ್ನು ಯಾರು ನೋಡುತ್ತಾರೆ? ಅಕ್ಕನಂತೂ ನೋಡಲಾರಳು. ಅವಳಿಗೀಗ ಬೆಳಕು, ನೆರಳು — ಎರಡೇ. ಆದರೂ ಬಾಗಿಲಲ್ಲಿ ತಡೆದಳು.

"ಹತ್ತು ನಿಮಿಷ ನೀನು ಗೊಣಗಿದೆ. ಆಮೇಲೆ ಸುಮ್ಮನಾದೆ. ಬೇರೆಬೇರೆ ಹಾಕ್ಕೊಂಡಿದೀಯ ತಾನೆ?"

ಟೀಚರ್ ಆಗಿದ್ದವಳು. ನಿವೃತ್ತಿ ಆಗಿರುವುದು ಕಣ್ಣಿಗೆ ಮಾತ್ರ.

ಮಾರ್ಚ್ 9

ಸಾಹೇಬರು ಕರೆದರು. ನಮ್ಮ ಮನೆ ಹಿತ್ತಿಲಿನಿಂದ ಕೆರೆಯವರೆಗಿನ ಕಾಡು ಒಂದು ರೆಸಾರ್ಟ್ ಕಂಪನಿಗೆ ಬೇಕಂತೆ. ನಲವತ್ತು ಕಾಟೇಜು. ಹಗ್ಗಕ್ಕೆ ನೇತುಬಿದ್ದು ಕಿರುಚಿಕೊಂಡು ಹೋಗುವ ಆಟ. ಮರದ ಮೇಲೊಂದು ಕೆಫೆ — ಅದಕ್ಕೆ ಜಾಗ ಮಾಡಲು ಮರ ಕಡಿಯಬೇಕು. ನಗಬಾರದೆಂದು ಕೆಮ್ಮಿದೆ.

"ಎರಡೂ ಕಡೆ ತೂಗಿ ನೋಡಿ ಅಭಿಪ್ರಾಯ ಬರೀರಿ" ಎಂದರು.

ತಕ್ಕಡಿ ನನ್ನ ಕೈಗೆ! ದಿನಾ ಟೀಗೆ ಹಾಕುವ ಸಕ್ಕರೆಯನ್ನೇ ಸರಿಯಾಗಿ ಅಳೆಯಲಾರದವನ ಕೈಗೆ.

ಮಾರ್ಚ್ 10, ಬೆಳಗ್ಗೆ

ಅಕ್ಕನ ಹಿಂದೆ ಹಿಂದೆಯೇ ಹೋದೆ. ಕಚೇರಿ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಹಿತ್ತಿಲ ಬಾಗಿಲು ದಾಟಿದರೆ ಅವಳಿಗೆ ಯಾರ ಕೈಯೂ ಬೇಡ. ಕಾಲುದಾರಿಯ ಪಕ್ಕ ಹನ್ನೊಂದು ಮರ. ಒಂದೊಂದನ್ನೂ ತಟ್ಟಿ, ಮಾತಾಡಿಸಿ, ಮುಂದಿನದಕ್ಕೆ. ಕೆರೆಯ ದಂಡೆಯಲ್ಲಿ ಕಲ್ಲುಬೆಂಚು. ಮತ್ತೆ ತಟ್ಟುತ್ತಾ ವಾಪಸು.

ಮೊದಲನೆಯವನು ಹೆಡ್‌ಮಾಸ್ಟರ್. ನೆಟ್ಟಗೆ, ನುಣ್ಣಗೆ, ಯಾರಿಗೂ ಬಾಗದವನು. ಆಮೇಲೆ ಬೊಜ್ಜಪ್ಪ — ತಬ್ಬಿದರೆ ಕೈಗೆ ಕೈ ಸಿಗದು. ಮೈಯೆಲ್ಲ ಪರಚುವ ತೊಗಟೆಯದು ಚಿಕ್ಕತ್ತೆ. ("ಸ್ವಭಾವವೂ ಹಾಗೇ ಇತ್ತು.") ಕೊನೆಯಲ್ಲಿ ಗೂನಜ್ಜ. ಊರಿನಲ್ಲಿ ಬೇರೆಲ್ಲಿಗೆ ಹೋಗುವುದಾದರೂ ಅವಳಿಗೆ ಯಾರದ್ದಾದರೂ ಮೊಣಕೈ ಬೇಕು. ಇಲ್ಲಿ ಬೇಡ.

"ಕದ್ದು ಬರ್ಬೇಡ" ಎಂದಳು ತಿರುಗದೆ. "ನಿನ್ನ ಶೂ ಕಿರ್‌ಗುಟ್ಟುತ್ತೆ."

ಮಾರ್ಚ್ 12

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಅಕ್ಕನ ಮಗಳು. ಅವಳು ಕೆಲಸಕ್ಕಿದ್ದ ಪೇಪರ್ ಮಿಲ್ ಮುಚ್ಚಿ ಎಂಟು ತಿಂಗಳು. ಕಂಪನಿಯವರು ರಿಸೆಪ್ಷನ್ ಕೆಲಸ ಕೊಡುತ್ತೇವೆಂದಿದ್ದಾರೆ, ರೆಸಾರ್ಟ್ ಬಂದರೆ.

"ಮಾವ, ನೀನು ಬೇಡ ಅಂತ ಬರೆದ್ರೆ ಮರ ಉಳಿಯುತ್ತೆ, ಸರಿ. ನಾನು?"

"ನೀನೂ ಮನೇಲೇ ಉಳೀತೀಯ."

"ಉಳಿದಿದೀನಲ್ಲ! ಈ ಮನೇಲಿ ನನಗೂ ಗೋಡೆ ಗಡಿಯಾರಕ್ಕೂ ಒಂದೇ ಕೆಲಸ. ಅದಕ್ಕಾದ್ರೂ ಸೆಲ್ ಬದಲಾಯಿಸ್ತೀರ."

ನಕ್ಕೆವು. ಅವಳು ಬೇಗ ನಿಲ್ಲಿಸಿದಳು.

ಮಾರ್ಚ್ 20, ಮಧ್ಯಾಹ್ನ

ಬರೆದೆ! ಎರಡು ಪುಟ. ರೆಸಾರ್ಟ್ ಬರಲಿ, ಆದರೆ ಅರ್ಧ. ಕಾಟೇಜುಗಳು ಆಚೆ ಬದಿಗೆ. ಕಾಲುದಾರಿಯ ಹನ್ನೊಂದು ಮರ ಮುಟ್ಟಕೂಡದು. ಮರದ ಮೇಲಿನ ಕೆಫೆಯ ಬಗ್ಗೆ ಒಂದು ಪ್ಯಾರಾ ತಮಾಷೆ ಸೇರಿಸಿದೆ. ಸಾಹೇಬರು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಸಹಿ ಹಾಕಿದರು. ಕಂಪನಿಯೂ ಒಪ್ಪಿತು.

ಮನೆಯಲ್ಲಿ ಹೇಳಿದೆ. ಅಕ್ಕನ ಮಗಳು ಕುಣಿದಳು. ಅಕ್ಕ ಮಾತ್ರ ಕೇಳಿದಳು:

"ಆಚೆ ಬದಿಯವು ಎಷ್ಟು ಹೋಗ್ತವೆ?"

"ಇನ್ನೂರಹತ್ತು."

"ಅವಕ್ಕೆ ಹೆಸರಿಟ್ಟೋರು ಯಾರೂ ಇಲ್ಲ, ಪಾಪ."

ಆಮೇಲೆ — "ಹೋಗ್ಲಿ. ಹನ್ನೊಂದು ಉಳಿಸಿದೆಯಲ್ಲ. ಪಾಸು."

ಐವತ್ತೇಳನೇ ವಯಸ್ಸಿನಲ್ಲಿ ಪಾಸಾದ ಖುಷಿ ಯಾರಿಗೆ ಹೇಳಿಕೊಳ್ಳಲಿ? ನಿನಗೇ, ಡೈರಿ.

ಏಪ್ರಿಲ್ 2

ಹನ್ನೊಂದು ಮರಕ್ಕೂ ಗುರುತು ಹಾಕಿದೆ. ಬಣ್ಣ ಬರೀ ಮೇಲೆ ಬಳಿದರೆ ಮಳೆಗೆ ಹೋಗುತ್ತದೆಂದು ತೊಗಟೆ ಕೆರೆದು, ಗೀರಿನೊಳಗೆ ಹಳದಿ ತುಂಬಿದೆ. ಒಂದೊಂದಕ್ಕೂ, ಅಕ್ಕ ತಟ್ಟದ ಹಿಂಬದಿಗೆ, ಒಂದು ದೊಡ್ಡ ರೈಟ್ ಮಾರ್ಕು. ಇವು ಸರಿ, ಇವು ಪಾಸು, ಇವು ಇರಲಿ.

ಚಿಕ್ಕವನಿದ್ದಾಗ ಲೆಕ್ಕದ ಪುಸ್ತಕಕ್ಕೆ ನಾನೇ ಕೆಂಪು ಪೆನ್ಸಿಲಿನಿಂದ ರೈಟ್ ಹಾಕಿಕೊಂಡು ಅಪ್ಪನಿಗೆ ತೋರಿಸುತ್ತಿದ್ದೆ. ಅಕ್ಕ ಪ್ರತಿಸಲ ಹಿಡಿಯುತ್ತಿದ್ದಳು. "ಟೀಚರ್ ರೈಟಿಗೆ ಬಾಲ ಗಿಡ್ಡ ಕಣೋ. ನಿನ್ನ ರೈಟು ಖುಷೀಲಿ ಮುಂದಿನ ಲೆಕ್ಕದ ಮೇಲೂ ಹೋಗಿರತ್ತೆ."

ಇವತ್ತೂ ಬಾಲ ಉದ್ದವೇ ಬಂತು. ಬೊಜ್ಜಪ್ಪನ ಮೈಮೇಲಂತೂ ಸೊಂಟ ಸುತ್ತಿ ಹೋಯಿತು.

ಏಪ್ರಿಲ್ 15, ಸಂಜೆ 5

ಇವತ್ತು ತರಬೇತಿ. ವಿಷಯ — ಮರಗಳ ಸಂರಕ್ಷಣೆ. ಹೌದು, ನಗು. ಅಕ್ಕ ಮಗಳ ಜೊತೆ ಕಣ್ಣಾಸ್ಪತ್ರೆಗೆ ಹೋಗಿದ್ದಳು, ಇನ್ನೂ ಬಂದಿಲ್ಲ.

ನಾನು ಮೊದಲು ಬಂದೆ. ಹಿತ್ತಿಲ ಬಾಗಿಲು ತೆಗೆದೆ.

ಕೆರೆ ಕಾಣಿಸುತ್ತಿದೆ.

ನಮ್ಮ ಹಿತ್ತಿಲಿಂದ ಕೆರೆ ಎಂದೂ ಕಂಡಿರಲಿಲ್ಲ.

ಏಪ್ರಿಲ್ 16

ಕಡಿಯುವ ಗುಂಪಿನ ಮೇಸ್ತ್ರಿ ಕೆಟ್ಟವನಲ್ಲ. ಕೂಗಾಡಿದೆ. ಪಾಪ, ಕೈಕಟ್ಟಿ ನಿಂತ.

"ಸಾರ್, ನಾವು ಇಂಟು ಹಾಕಿದ್ದು ಮುಟ್ಟಲ್ಲ. ರೈಟ್ ಹಾಕಿದ್ದು ಕಡೀತೀವಿ. ಎಲ್ಲಾ ಕಡೆ ಹಾಗೇ."

"ರೈಟ್ ಅಂದ್ರೆ ಸರಿ ಕಣಯ್ಯಾ! ಇರಲಿ ಅಂತ!"

"ಸರಿ ಅಂದ್ರೆ ಕಡೀಬಹುದು ಅಂತಲ್ವಾ? ಕಂಡಕ್ಟರ್ ರೈಟ್ ಅಂದ್ರೆ ಬಸ್ಸು ನಿಲ್ಲುತ್ತಾ, ಹೊರಡುತ್ತಾ?"

ಮೇಸ್ತ್ರಿಯೇ ಮುಂದುವರಿಸಿದ.

"ಗುರುತಿನ ಅರ್ಥ ವರದಿಯಲ್ಲಿ ಬರೆದಿದ್ರೆ ನೋಡ್ಕೋತಿದ್ವಿ ಸಾರ್. ನಮಗೆ ಕೊಟ್ಟ ಹಾಳೇಲಿ 'ಆಚೆ ಬದಿ ಪೂರ್ತಿ; ಕಾಲುದಾರಿಯಲ್ಲಿ ಹನ್ನೊಂದಕ್ಕೆ ಗುರುತು ಹಾಕಲಾಗಿದೆ' ಅಂತಷ್ಟೇ ಇತ್ತು."

ವರದಿ ತೆಗೆದು ನೋಡಿದೆ. ಮುಟ್ಟಕೂಡದು ಎಂದಿದೆ. ಯಾವ ಗುರುತಿಗೆ ಯಾವ ಅರ್ಥ ಎಂಬ ಒಂದು ಸಾಲು... ಇಲ್ಲ. ಕೆಫೆಯ ತಮಾಷೆ ಮಾತ್ರ ಒಂದು ಪೂರಾ ಪ್ಯಾರಾ ಇದೆ. ಚೆನ್ನಾಗಿಯೇ ಇದೆ.

ಏಪ್ರಿಲ್ 17

ಅಕ್ಕನಿಗೆ ಹೇಳಿದೆ — ಕಾಲುದಾರಿ ರಿಪೇರಿ, ಎರಡು ವಾರ ಹೋಗಬೇಡ. ಮಗಳ ಬಾಯಿಯನ್ನೂ ಮುಚ್ಚಿಸಿದೆ. ಅವಳು ನನ್ನತ್ತ ನೋಡಿದ ರೀತಿ ಬರೆಯುವುದಿಲ್ಲ.

ಏಪ್ರಿಲ್ 23

ಕಂಪನಿ ಮ್ಯಾನೇಜರಿಗೆ ಸಂತೋಷ. "ಲೇಕ್ ವ್ಯೂ ಸಿಕ್ತು ಸಾರ್, ನಿಮ್ಮ ಪುಣ್ಯ!" ರಿಸೆಪ್ಷನ್ ಅಲ್ಲೇ ಕಟ್ಟುತ್ತಾರಂತೆ. ಮಗಳಿಗೆ ಆರ್ಡರ್ ಬಂತು. ಓದಿ ಮಡಚಿ ಡ್ರಾಯರಿಗೆ ಹಾಕಿದಳು. "ಬೊಜ್ಜಪ್ಪನ ಜಾಗದಲ್ಲಿ ನನ್ನ ಟೇಬಲ್ಲು" ಎಂದಳು. ತಮಾಷೆಗೆ ಹೇಳಿದಳೋ ಏನೋ. ನನಗೆ ತಿಳಿಯಲಿಲ್ಲ. ತಮಾಷೆ ತಿಳಿಯುವುದು ನನ್ನೊಬ್ಬನಿಗೇ ಎಂದುಕೊಂಡಿದ್ದೆ.

ಮೇ 1, ಬೆಳಗ್ಗೆ 9

ಬರೆದುಬಿಡಬೇಕು.

ಏಳಕ್ಕೆ ಚಿಲಕದ ಸದ್ದು. ಓಡಿದೆ, ಬರಿಗಾಲಲ್ಲಿ. ಅಕ್ಕ ಆಗಲೇ ಹೊರಗೆ.

"ಎರಡು ವಾರ ಮುಗೀತು" ಎಂದಳು.

ಆರು ಹೆಜ್ಜೆ ಇಟ್ಟಳು. ಹೆಡ್‌ಮಾಸ್ಟರ್ ಇರಬೇಕಾದಲ್ಲಿ ಕೈ ಚಾಚಿದಳು. ಕೈ ಗಾಳಿಯಲ್ಲೇ ನಿಂತಿತು. ಮುಖದ ಮೇಲೆ ಬಿಸಿಲು ನೇರವಾಗಿ ಬೀಳುತ್ತಿತ್ತು.

"ಹೆಡ್‌ಮಾಸ್ಟರ್ ರಜೆ ಹಾಕಿದಾನಾ?"

ಚಾಚಿದ ಕೈ ಕೆಳಗಿಳಿಸಿದಳು.

"ಗರಗಸದ ಹೊಟ್ಟಿನ ವಾಸನೆ ಅವತ್ತೇ ಬಂತು ಕಣೋ. ನೀನಾಗೇ ಹೇಳ್ತೀಯ ಅಂತ ಕಾದೆ."

ಕೂತು ತಡಕಾಡಿದಳು. ದಿಮ್ಮಿಗಳನ್ನು ಇನ್ನೂ ಸಾಗಿಸಿಲ್ಲ. ಕೈಗೆ ನುಣ್ಣನೆಯ ತೊಗಟೆ ಸಿಕ್ಕಿತು. ಗುರುತು ಹಿಡಿದಳು, ಸವರಿದಳು. ಬೆರಳು ಗೀರಿಗೆ ಸಿಕ್ಕಿಕೊಂಡಿತು. ನಿಧಾನಕ್ಕೆ ಅದರೊಳಗೆ ನಡೆಯಿತು — ಕೆಳಗೆ ಚಿಕ್ಕದಾಗಿ, ಆಮೇಲೆ ಮೇಲಕ್ಕೆ, ಇನ್ನೂ ಮೇಲಕ್ಕೆ, ದಿಮ್ಮಿಯ ಆ ಮಗ್ಗುಲಿಗೆ...

ಬೆರಳು ನಿಂತಿತು.

"ಬಾಲ ಉದ್ದ ಇದೆ" ಎಂದಳು.

ನಾನು ಹೇಳಿದೆ, ಅಕ್ಕ, ಅದು ಕಡೀಲಿ ಅಂತ ಅಲ್ಲ, ಅದು —