ಎರಡನೇ ಭಾಗ ಬಂತು, ಶಾಂತಕ್ಕ

ಸಿಂದಗಿ, ೧೯೭೬

ಶಾಂತಕ್ಕ,

ನಮ್ಮ ಮಾಯಾಬಾವಿ ಕಾದಂಬರಿದು ಎರಡನೇ ಭಾಗ ಬಂತು. ವಾಚನಾಲಯದ ಮಾಸ್ತರ್ರು ಪುಸ್ತಕ ಕೊಡುವಾಗ, "ನಿಮ್ಮ ಅಕ್ಕ ಭಾಳ ಸಲ ಕೇಳಿದ್ಳವಾ, ಆಕಿಗೂ ತೋರಸು" ಅಂದ್ರು. ನೀ ಸತ್ತ ಸುದ್ದಿ ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. "ಹೂಂರಿ" ಅಂದು ಬಂದೆ.

ಮೊದಲನೇ ಭಾಗ ಓದಿದ್ದು ನೆನಪೈತೇನು? ಮಾಳಗಿ ಮ್ಯಾಲ ಸಂಡಿಗಿ ಕಾಯ್ಕೋತ ಕುಂತಿದ್ವಿ. ನೀ ಓದಾಕಿ, ನಾ ಕಾಗಿ ಹೊಡ್ಯಾಕಿ. ರಾಜಕುಮಾರಿ ಬಾವಿಯೊಳಗ ಇಳೀತಾಳ, ಮ್ಯಾಲಿಂದ ಯಾರೋ ಹಗ್ಗ ಕೊಯ್ತಾರ. ಅಲ್ಲಿಗೆ ಪುಸ್ತಕ ಮುಗೀತು. "ಆ ಮಂತ್ರಿ ಮಗಂದ ಕೆಲಸ, ಮಾರಿ ಗಂಟು ಹಾಕ್ಕೊಂಡ ಇರ್ತಾನ" ಅಂದೆ ನಾ. "ಹುಚ್ಚಿ, ಅಂವಗ ಆಕಿ ಮ್ಯಾಲ ಜೀವ ಐತಿ, ಬಾಯಿಬಿಟ್ಟು ಹೇಳಾಕ ಬರಂಗಿಲ್ಲ ಅಷ್ಟ" ಅಂದಿ ನೀ. ಮುದ್ದೇಬಿಹಾಳದ ವರ ನಿನ್ನ ನೋಡಾಕ ಬಂದು ಒಂದ ಮಾತೂ ಆಡದ ಹೋದಾಗೂ ನೀ ಹಂಗ ಅಂದಿ, ಅವನ್ನ ಲಗ್ನಾದಿ. ಮಾತಾಡದವರ ಮನಸ್ಸು ಛಲೋ ಇರತೈತಿ ಅಂತ...

ಮಂತ್ರಿ ಮಗನ ವಿಚಾರದಾಗ ನಿಂದ ಖರೆ ಆತು. ಅಂವ ಆಕಿ ಹಿಂದ ಬಾವಿಗೆ ಜಿಗೀತಾನ. ಒಳಗ ಒಂದು ಊರ ಐತಿ. ಆಕಿ ಮೊದಲ ಅವನ್ನ ನಂಬಂಗಿಲ್ಲ, ಬೈತಾಳ, ಬರಬರತ ಅವನ ಕೂಡ ನಗತಾಳ. ನಿನಗ ಭಾಳ ಸೇರತಿತ್ತು. ಆದ್ರ ಹಗ್ಗ ಕೊಯ್ದಾಂವ ಯಾರು ಗೊತ್ತೇನು? ಆಕಿ ಅಪ್ಪ. ಮಗಳು ಹೊಳ್ಳಿ ಬಂದ್ರ ಸಿಂಹಾಸನ ಹೋಗತೈತಿ ಅಂತ ಜೋತಿಷಿ ಹೇಳಿದ್ದನಂತ. ಅದನ್ನೋದಿ ಪುಸ್ತಕ ಮುಚ್ಚಿಟ್ಟೆ.

ನೀ ಲಗ್ನಾದ ಮುಂದಿನ ಬ್ಯಾಸಗಿಯೊಳಗ ಗಂಡನ ಮನಿಯಿಂದ ಜ್ವರದಾಗ ಒಬ್ಬಾಕೀನ ಬಾಗೇವಾಡ್ಯಾಗ ಬಸ್ ಬದಲಿ ಮಾಡಿ ಬಂದಿದ್ದಿ. "ಯಪ್ಪಾ, ಅಲ್ಲಿ ದವಾಖಾನಿಗೆ ಒಯ್ಯವಲ್ರು, ಆರಾಮ ಆಗೂತನಾ ಇಲ್ಲೇ ಇರ್ತೇನಿ" ಅಂದಿ. ಅಪ್ಪ ಏನಂದ? "ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಹೇಳದ ಕೇಳದ ಬಂದ್ರ ಮಂದಿ ಏನಂತಾರ?" ಮರುದಿನ ಮುಂಜಾನಿ ತಾನ ಬಸ್ಸಿಗೆ ಹತ್ತಿಸಿ ಬಂದ. ಅವ್ವ ಕಟ್ಟಿದ ಬುತ್ತಿ ನೀ ಉಂಡೇನು, ಇಲ್ಲೇನು? ಮಳಿ ಬೀಳೂದ್ರೊಳಗ ನಾವು ನಿನ್ನ ಮಣ್ಣಿಗೆ ಬಂದ್ವಿ. ನಿನ್ನ ಗಂಡ ಅವತ್ತೂ ಮಾತಾಡಲಿಲ್ಲ.

ಕಥಿಯೊಳಗ ರಾಜಕುಮಾರಿ ಜೀವಂತ ಮ್ಯಾಲ ಬರ್ತಾಳ. ಅಪ್ಪ ಅಳತಾನ, ಆಕಿ ಕ್ಷಮಾ ಮಾಡ್ತಾಳ. ನನಗ ಅದೊಂದು ಸೇರಲಿಲ್ಲ. ಸತ್ತಿದ್ರ ಯಾರು ಕ್ಷಮಾ ಮಾಡತಿದ್ರು?

ಹ್ವಾದ ವಾರ ನಿನ್ನ ಅತ್ತಿ ನಿನ್ನ ಗಂಡನ್ನ ಕರಕೊಂಡು ಬಂದಿದ್ಳು. ನನ್ನ ಕೇಳಾಕ. "ಬೀಗತನ ಕಡಕೊಳ್ಳೂದು ಬ್ಯಾಡ್ರಿ, ತಂಗೀನ ಕೊಡ್ರಿ" ಅಂದ್ಳು. ಅಪ್ಪ ಹೂಂ ಅನ್ನಾಂವ ಇದ್ದ. ನಾ ಚಾದ ತಾಟ ಕೆಳಗಿಟ್ಟೆ.

"ನಮ್ಮಕ್ಕನ್ನ ದವಾಖಾನಿಗೆ ಯಾಕ ಒಯ್ಯಲಿಲ್ರಿ?"

"ಒಳಗ ನಡಿ!" ಅಂತ ಅಪ್ಪ ಒದರಿದ.

"ನಿನ್ನೂ ಕೇಳೂದೈತಿ ಯಪ್ಪಾ. ಬಂದಾಕಿನ್ನ ಯಾಕ ಹೊಳ್ಳಿ ಕಳಿಸಿದಿ?"

ಅವರು ಚಾ ಮುಟ್ಟದ ಎದ್ದು ಹ್ವಾದ್ರು. ಅಪ್ಪ ಅವತ್ತಿಂದ ನನ್ನ ಕೂಡ ಮಾತು ಬಿಟ್ಟಾನ. ಬಿಡಲಿ. ಅವ್ವ ಮಾತ್ರ ಅಡಗಿಮನ್ಯಾಗ ನನ್ನ ತಲಿ ಮ್ಯಾಲ ಕೈಯಿಟ್ಟು, ಹೊಳ್ಳಿ ಒಲಿ ಊದಾಕ ಕುಂತ್ಳು.

ಅವರು ಮತ್ತ ಬರ್ತಾರ, ನನಗ ಗೊತ್ತೈತಿ. ಬಂದ್ರೂ ನಿನ್ನ ಹಾಸಗಿ ಮ್ಯಾಲ ನಾ ಮಲಗಂಗಿಲ್ಲ, ಶಾಂತಕ್ಕ.

ನಿನ್ನ
ಗೌರಿ